ಮೊಮೊ ಒಡೆಯದಿರಲು

ಪ್ರಶ್ನೆ: ಮನೆಯಲ್ಲಿ ತರಕಾರಿ ಮೊಮೊ ಮಾಡಿದಾಗಲೆಲ್ಲ ಹಬೆಯಲ್ಲೇ ಒಡೆದು ತಟ್ಟೆಗೆ ಅಂಟಿಕೊಳ್ಳುತ್ತದೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಎಲೆಕೋಸಿನ ನೀರೇ ಕಾರಣವಿರಬೇಕು. ಸಣ್ಣಗೆ ಹೆಚ್ಚಿದ ಕೋಸಿಗೆ ಉಪ್ಪು ಬೆರೆಸಿ 15 ನಿಮಿಷ ಬಿಟ್ಟು, ತೆಳುಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿ. ಬೆರಳಲ್ಲಿ ಒತ್ತಿದರೆ ಹನಿಯೂ ಬರಬಾರದು. ಈರುಳ್ಳಿ, ಶುಂಠಿ, ಕ್ಯಾರೆಟ್ ಸೇರಿಸುವುದು ಆಮೇಲೆ. ಮೈದಾ ಹಿಟ್ಟನ್ನು ಪೂರಿಯ ಹದಕ್ಕೆ ನಾದಿ ಅರ್ಧ ಗಂಟೆ ಮುಚ್ಚಿಡಿ. ಲಟ್ಟಿಸುವಾಗ ಅಂಚು ತೆಳ್ಳಗಿರಲಿ, ನಡು ತುಸು ದಪ್ಪವಿರಲಿ. ಹೂರಣದ ಭಾರ ಹೊರುವುದು ನಡುವೇ ತಾನೆ! ಇಡ್ಲಿ ತಟ್ಟೆಗೆ ಎಣ್ಣೆ ಸವರಿ, ನೀರು ಕುದಿ ಬಂದ ಮೇಲೇ ಇಟ್ಟು 10 ನಿಮಿಷ ಬೇಯಿಸಿ. ಜೊತೆಗೆ ಮಯೊನೀಸ್ ದಯವಿಟ್ಟು ಬೇಡ. ಬೈಲಕುಪ್ಪೆಯ ಟಿಬೆಟನ್ ಹೋಟೆಲುಗಳಲ್ಲಿ ಕೊಡುವಂಥ ಖಾರದ ಕೆಂಪು ಚಟ್ನಿಯೇ ಇರಲಿ.