ಓದುಗರ ಪ್ರಶ್ನೆ: ಮಿಕ್ಕ ಸಮಯದಲ್ಲಿ ಹಾಡಿದ ಯುವಕ

ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡಿಂಗ್ ಅವರ ಮೊದಲ ಆಲ್ಬಂ ‘ಪೇನ್ ಇನ್ ಮೈ ಹಾರ್ಟ್’ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದು, ಒಮ್ಮೆ ಕೇಳಿ ನೋಡಿ ಎಂದು ವಿನಂತಿಸಿದ್ದೆ. ಕೇಳಿದವರು ಪತ್ರ ಬರೆದಿದ್ದಾರೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಸಂಗೀತದಲ್ಲಿ ‘ಸೋಲ್’ ಎಂದರೇನು? ಕನ್ನಡದಲ್ಲಿ ‘ಆತ್ಮಸಂಗೀತ’ ಎಂದು ಕರೆಯಬಹುದೇ? (ಓದುಗರೊಬ್ಬರು, ಧಾರವಾಡ)

‘ಆತ್ಮಸಂಗೀತ’ ಎಂದರೆ ನಮ್ಮ ಮನಸ್ಸು ತತ್ತ್ವಪದಗಳ ಕಡೆಗೆ ಹೋಗುತ್ತದೆ. ಸೋಲ್ ಹಾಡುವುದು ಹೆಚ್ಚಾಗಿ ಗಂಡು ಹೆಣ್ಣಿನ ಪ್ರೀತಿಯನ್ನು, ಅಗಲಿಕೆಯನ್ನು, ದುಡಿದು ಬದುಕುವವರ ಆಸೆಗಳನ್ನು. ಆದರೆ ಹಾಡುವ ರೀತಿ ಮಾತ್ರ ಕಪ್ಪುಜನರ ಚರ್ಚಿನಿಂದ ಬಂದದ್ದು. 1950ರ ದಶಕದ ನಡುವಿನಲ್ಲಿ ರೇ ಚಾರ್ಲ್ಸ್ ಅವರು ದೇವರ ಹಾಡಿನ ಧಾಟಿಯನ್ನು ಲೌಕಿಕ ಪ್ರೇಮಗೀತೆಗೆ ತಂದಾಗ ಧಾರ್ಮಿಕರು ಸಿಟ್ಟಾದರು; 1957ರಲ್ಲಿ ಭಕ್ತಿಗೀತೆಗಳ ತಂಡವನ್ನು ಬಿಟ್ಟು ಹೊರಬಂದ ಸ್ಯಾಮ್ ಕುಕ್ ಅದೇ ದಾರಿಯನ್ನು ಇನ್ನಷ್ಟು ನಯಗೊಳಿಸಿದರು. ಈ ಇಬ್ಬರ ಹಿಂದೆ ಬಂದ ತಲೆಮಾರಿನವರು ರೆಡಿಂಗ್. ಆದ್ದರಿಂದ ‘ಸೋಲ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಳ್ಳೋಣ. ಕನ್ನಡದ ಕಿವಿಗೆ ಅದರಲ್ಲಿ ‘ಮನಸೋಲುವುದು’ ಎಂಬುದರ ಸದ್ದು ಕೇಳಿಸುತ್ತದೆ. ಅದು ಕಾಕತಾಳೀಯವೇ ಇರಬಹುದು. ಆದರೆ ಈ ಗಾಯಕರು ಮನಸೋತವರಂತೆಯೇ ಹಾಡುತ್ತಾರೆ.

ಪ್ರಶ್ನೆ: ರೆಡಿಂಗ್ ಅವರು ಬೇರೊಬ್ಬ ಕಲಾವಿದನ ಕಾರು ಓಡಿಸಿಕೊಂಡು ಸ್ಟುಡಿಯೋಗೆ ಬಂದು ಗಾಯಕರಾದರು ಎಂದು ಓದಿದೆ. ಇದು ನಿಜವೋ, ಪ್ರಚಾರಕ್ಕಾಗಿ ಕಟ್ಟಿದ ಕಥೆಯೋ? (ಓದುಗರೊಬ್ಬರು, ಕಲಬುರಗಿ)

ನಿಜ. ಆದರೆ ‘ಚಾಲಕ ಗಾಯಕನಾದ’ ಎಂಬ ಮಾತು ಅವರ ಅದಕ್ಕೂ ಹಿಂದಿನ ದುಡಿಮೆಯನ್ನು ಮರೆಸಿಬಿಡುತ್ತದೆ. ರೆಡಿಂಗ್ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಜಾರ್ಜಿಯಾ ರಾಜ್ಯದ ಡಾಸನ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಮೇಕನ್ ಪಟ್ಟಣದಲ್ಲಿ. ತಂದೆಗೆ ಕ್ಷಯ ತಗುಲಿದಾಗ ಹದಿನೈದರ ವಯಸ್ಸಿಗೇ ಶಾಲೆ ಬಿಟ್ಟು ಬಾವಿ ತೋಡುವ ಕೆಲಸಕ್ಕೆ, ಪೆಟ್ರೋಲ್ ಬಂಕಿಗೆ ಹೋದರು. ಸಂಜೆಯಾದರೆ ಊರಿನ ಡಗ್ಲಸ್ ಥಿಯೇಟರಿನ ಸ್ಪರ್ಧೆಗಳಲ್ಲಿ ಹಾಡುತ್ತಿದ್ದರು. ಮುಂದೆ ಜಾನಿ ಜೆಂಕಿನ್ಸ್ ಎಂಬ ಗಿಟಾರ್ ವಾದಕರ ತಂಡವನ್ನು ಸೇರಿಕೊಂಡರು. 1962ರ ಅಕ್ಟೋಬರಿನಲ್ಲಿ ಜೆಂಕಿನ್ಸ್ ಅವರಿಗೆ ಮೆಂಫಿಸ್ ನಗರದ ಸ್ಟ್ಯಾಕ್ಸ್ ಕಂಪನಿಯಲ್ಲಿ ಧ್ವನಿಮುದ್ರಣ ಗೊತ್ತಾಯಿತು. ಜೆಂಕಿನ್ಸ್ ಬಳಿ ವಾಹನ ಚಾಲನೆಯ ಪರವಾನಗಿ ಇರಲಿಲ್ಲ. ಹಾಗಾಗಿ ಕಾರು ಓಡಿಸಿದವರು ಇಪ್ಪತ್ತೊಂದು ವರ್ಷದ ರೆಡಿಂಗ್.

ಅಂದು ಜೆಂಕಿನ್ಸ್ ಅವರ ಧ್ವನಿಮುದ್ರಣ ಕೂಡಿಬರಲಿಲ್ಲ, ಬೇಗನೆ ಮುಗಿಸಿಬಿಟ್ಟರು. ಗಡಿಯಾರದಲ್ಲಿ ಇನ್ನೂ ಸ್ವಲ್ಪ ಹೊತ್ತು ಮಿಕ್ಕಿತ್ತು. ಸಾಮಾನು ಇಳಿಸಿಕೊಟ್ಟು ದಿನವಿಡೀ ಕಾದಿದ್ದ ಈ ಎತ್ತರದ ಹುಡುಗನಿಗೆ ಹಾಡಲು ಅವಕಾಶ ಸಿಕ್ಕಿದ್ದು ಆಗ. ಆರ್ಗನ್ ವಾದಕ ಬುಕರ್ ಟಿ. ಜೋನ್ಸ್ ಅಷ್ಟರಲ್ಲಿ ಮನೆಗೆ ಹೋಗಿಯಾಗಿತ್ತು. ಗಿಟಾರ್ ನುಡಿಸುವ ಸ್ಟೀವ್ ಕ್ರಾಪರ್ ಪಿಯಾನೋ ಮುಂದೆ ಕೂತರು. ರೆಡಿಂಗ್ ಮೊದಲು ಹಾಡಿದ್ದು ‘ಹೇ ಹೇ ಬೇಬಿ’ ಎಂಬ ವೇಗದ ಹಾಡನ್ನು. ಇದು ಆಗಿನ ಹೆಸರಾಂತ ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ಅವರನ್ನು ಕೇಳಿದಂತೆಯೇ ಇದೆಯಲ್ಲ ಎಂದು ಸ್ಟ್ಯಾಕ್ಸ್‌ನ ಯಜಮಾನ ಜಿಮ್ ಸ್ಟೀವರ್ಟ್ ಅವರಿಗೆ ಅನಿಸಿತು. ಎರಡನೆಯದಾಗಿ ಹಾಡಿದ್ದು ‘ದೀಸ್ ಆರ್ಮ್ಸ್ ಆಫ್ ಮೈನ್’. ನನ್ನ ತೋಳುಗಳು ಒಂಟಿಯಾಗಿವೆ, ನಿನಗಾಗಿ ಹಂಬಲಿಸುತ್ತಿವೆ ಎನ್ನುವುದಷ್ಟೇ ಆ ಹಾಡಿನ ತಿರುಳು. ಆ ಎರಡು ಹಾಡುಗಳೂ ಒಂದೇ ಗ್ರಾಮಫೋನ್ ತಟ್ಟೆಯ ಎರಡು ಮುಖಗಳಾಗಿ ಹೊರಬಂದವು. ಒಂದು ಮುಖದಲ್ಲಿ ಇನ್ನೊಬ್ಬರ ನೆರಳು, ಇನ್ನೊಂದು ಮುಖದಲ್ಲಿ ತನ್ನದೇ ದನಿ. ಈ ಆಲ್ಬಂ ಅನ್ನು ಅರ್ಥಮಾಡಿಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ಬೀಗದ ಕೈ ಸಿಕ್ಕಿಲ್ಲ.

ಪ್ರಶ್ನೆ: ನಾನು ಹಿಂದೂಸ್ತಾನಿ ಸಂಗೀತ ಕೇಳಿಕೊಂಡು ಬಂದವಳು. ಈ ಆಲ್ಬಂನ ಅರ್ಧ ಹಾಡುಗಳು ಬೇರೆಯವರು ಆಗಲೇ ಹಾಡಿ ಗೆದ್ದವು ಎಂದು ಮಗ ಹೇಳಿದ. ಹಾಗಿದ್ದರೆ ಇದಕ್ಕೆ ಇಷ್ಟು ಗೌರವ ಏಕೆ? (ಓದುಗರೊಬ್ಬರು, ಶಿವಮೊಗ್ಗ)

ನಿಮ್ಮ ಮಗ ಹೇಳಿದ್ದು ಸರಿ, ನಿಮ್ಮ ಪ್ರಶ್ನೆಯೂ ನ್ಯಾಯವಾದದ್ದೇ. ಈ ಆಲ್ಬಂ ಒಂದೇ ಸಂಕಲ್ಪದಿಂದ ಹುಟ್ಟಿದ್ದಲ್ಲ. 1962ರಿಂದ 1963ರವರೆಗೆ ಬಿಡಿಬಿಡಿಯಾಗಿ ಮುದ್ರಿಸಿದ ಹಾಡುಗಳ ಜೊತೆಗೆ ಆ ಕಾಲದ ಜನಪ್ರಿಯ ಗೀತೆಗಳನ್ನು ಸೇರಿಸಿ, ಹನ್ನೆರಡು ಹಾಡುಗಳ ಒಂದು ತಟ್ಟೆಯಾಗಿ ಹೊಲಿದು, ಅಟ್ಕೋ ಎಂಬ ಮುದ್ರೆಯಡಿ 1964ರ ಆರಂಭದಲ್ಲಿ ಬಿಡುಗಡೆ ಮಾಡಿದರು. ಆಗ ರೆಡಿಂಗ್ ಅವರಿಗೆ ಇಪ್ಪತ್ತೆರಡು ವರ್ಷ. ಅಂದಿನ ವ್ಯಾಪಾರವೇ ಹಾಗಿತ್ತು: ಮಾರಾಟವಾಗುತ್ತಿದ್ದದ್ದು ಬಿಡಿ ಹಾಡು, ಆಲ್ಬಂ ಎಂಬುದು ಅದರ ಹಿಂದೆ ಬರುತ್ತಿದ್ದ ಮೂಟೆ. ‘ಲೂಯಿ ಲೂಯಿ’ ಹಾಡನ್ನು ಇದರಲ್ಲಿ ಸೇರಿಸದಿದ್ದರೂ ಏನೂ ನಷ್ಟವಾಗುತ್ತಿರಲಿಲ್ಲ. ‘ಲೂಸಿಲ್’ ಹಾಡಿನಲ್ಲಿ ಮೇಕನ್ ಊರಿನವರೇ ಆದ ಲಿಟಲ್ ರಿಚರ್ಡ್ ಅವರನ್ನು ರೆಡಿಂಗ್ ಅಕ್ಷರಶಃ ಹಿಂಬಾಲಿಸುತ್ತಾರೆ. ಅದು ಶಿಷ್ಯನೊಬ್ಬನ ಪಾಠ ಒಪ್ಪಿಸುವಿಕೆ, ಅಷ್ಟೇ.

ಆದರೆ ನಿಮ್ಮಂಥ ಕೇಳುಗರಿಗೆ ನಾನು ಬೇರೆಯದೇ ಒಂದು ಹಾಡನ್ನು ಸೂಚಿಸುತ್ತೇನೆ: ‘ಯು ಸೆಂಡ್ ಮಿ’. ಇದನ್ನು 1957ರಲ್ಲಿ ಹಾಡಿ ಗೆದ್ದವರು ಸ್ಯಾಮ್ ಕುಕ್. ಮೊದಲು ಅವರದನ್ನು ಕೇಳಿ. ನೀರಿನ ಮೇಲೆ ತೇಲುವ ಎಲೆಯಂತೆ ಆ ದನಿ ಎಲ್ಲಿಯೂ ತಡೆಯಿಲ್ಲದೆ ಸಾಗುತ್ತದೆ. ಆಮೇಲೆ ರೆಡಿಂಗ್ ಅವರನ್ನು ಕೇಳಿ. ಕುಕ್ ಎಂದರೆ ಇವರಿಗೆ ಆರಾಧನೆ. ಆದರೂ ಆ ನಯ ಇವರ ಗಂಟಲಿಗೆ ಬರುವುದಿಲ್ಲ. ದನಿಯಲ್ಲಿ ದೊರಗಿದೆ, ಸ್ವರ ಏರುವಾಗ ಒಂದು ಸೀಳು ಕೇಳಿಸುತ್ತದೆ, ಪದವೊಂದನ್ನು ಹೇಳುವ ಮುನ್ನ ಒಂದು ಗಳಿಗೆ ತಡೆದು ನಿಲ್ಲುತ್ತಾರೆ. ಒಂದೇ ಬಂದಿಶ್ ಎರಡು ಘರಾನೆಗಳಲ್ಲಿ ಹೇಗೆ ಬೇರೆಯಾಗುತ್ತದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಗುರುವಿನಂತೆ ಹಾಡಲು ಹೊರಟು, ಹಾಡಲಾಗದೆ, ಆ ಆಗದಿರುವ ಜಾಗದಲ್ಲಿಯೇ ತನ್ನ ದನಿಯನ್ನು ಕಂಡುಕೊಳ್ಳುವ ಯುವಕನೊಬ್ಬ ಇಲ್ಲಿ ಸಿಗುತ್ತಾನೆ. ಮುಂದೆ 1965ರಲ್ಲಿ ಬಂದ ಇವರ ‘ಓಟಿಸ್ ಬ್ಲೂ’ ಆಲ್ಬಂ ಎಲ್ಲ ರೀತಿಯಲ್ಲೂ ಇದಕ್ಕಿಂತ ದೊಡ್ಡದು ಎಂಬುದನ್ನು ಒಪ್ಪುತ್ತೇನೆ. ಅದರಲ್ಲಿ ಈ ಹುಡುಕಾಟ ಮುಗಿದುಹೋಗಿದೆ. ಹುಡುಕಾಟವನ್ನೇ ಕೇಳಬೇಕೆಂದರೆ ಮೊದಲ ಆಲ್ಬಂಗೇ ಬರಬೇಕು.

ಪ್ರಶ್ನೆ: ಮೃದಂಗ ಕಲಿಯುತ್ತಿದ್ದೇನೆ. ‘ದೀಸ್ ಆರ್ಮ್ಸ್ ಆಫ್ ಮೈನ್’ ಹಾಡಿನ ಪಿಯಾನೋ ಮೂರು ಮೂರಾಗಿ ಬೀಳುತ್ತದೆ. ಇದನ್ನು ತಿಶ್ರ ಎನ್ನಬಹುದೇ? (ವಿದ್ಯಾರ್ಥಿನಿ, ಮೈಸೂರು)

ಖಂಡಿತ ಎನ್ನಬಹುದು. ನಾಲ್ಕು ಎಣಿಕೆಯ ಆವರ್ತ, ಪ್ರತಿ ಎಣಿಕೆಯ ಒಳಗೂ ಮೂರು ಪೆಟ್ಟು. ‘ತಕಿಟ ತಕಿಟ ತಕಿಟ ತಕಿಟ’ ಎಂದು ಬಾಯಲ್ಲಿ ಹೇಳಿಕೊಂಡು ಪಿಯಾನೋ ಜೊತೆಗೆ ಹೋಗಿ, ಸರಿಯಾಗಿ ಕೂರುತ್ತದೆ. ಕಪ್ಪುಜನರ ಚರ್ಚುಗಳಲ್ಲಿ ನಿಧಾನಗತಿಯ ಹಾಡುಗಳಿಗೆ ಪಿಯಾನೋ ಹೀಗೆಯೇ ನಡೆಯುತ್ತದೆ. ಈಗ ಒಂದು ಕೆಲಸ ಮಾಡಿ: ಎಡಗೈಯಲ್ಲಿ ನಾಲ್ಕು ಎಣಿಸುತ್ತಾ ಗಾಯಕರ ಉಚ್ಚಾರ ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ಗಮನಿಸಿ. ಹಾಡಿಗೆ ಪೀಠಿಕೆಯೇ ಇಲ್ಲ, ಮೊದಲು ಕೇಳಿಸುವುದು ದನಿ. ವಾದ್ಯಗಳು ಆ ದನಿಯನ್ನು ಹಿಡಿದು ಬಂದು ಸೇರಿಕೊಳ್ಳುತ್ತವೆ. ಪಿಯಾನೋ ಮೂರರ ಲೆಕ್ಕವನ್ನು ಎಲ್ಲಿಯೂ ಬಿಡುವುದಿಲ್ಲ, ರೆಡಿಂಗ್ ಮಾತ್ರ ಆ ಲೆಕ್ಕಕ್ಕೆ ಸಿಕ್ಕಿಬೀಳುವುದಿಲ್ಲ. ಒಂದು ಸ್ವರವನ್ನು ಎಳೆದು, ಎರಡು ಪೆಟ್ಟು ಕಳೆದ ಮೇಲೆ ಅದನ್ನು ಬಿಡುತ್ತಾರೆ. ಕೊನೆಗೆ ಸಾಲುಗಳೆಲ್ಲ ಮುಗಿದು, ಬರಿಯ ಬೇಡಿಕೆಯ ಮಾತುಗಳಷ್ಟೇ ಉಳಿದು, ಹಾಡು ಮೆಲ್ಲಗೆ ಕರಗುತ್ತದೆ. ಎರಡೂವರೆ ನಿಮಿಷದ ಹಾಡು ಅದು. ಕೇಳಿದಾಗಲೆಲ್ಲ ಇನ್ನೂ ಸ್ವಲ್ಪ ಇರಬಾರದಿತ್ತೇ ಎಂದು ನನಗೆ ಅನಿಸುತ್ತದೆ.

ಪ್ರಶ್ನೆ: ನಾನು ಚರ್ಚಿನ ಗಾಯನವೃಂದದಲ್ಲಿ ಹಾಡುತ್ತೇನೆ. ಸೋಲ್ ಚರ್ಚಿನಿಂದ ಬಂದದ್ದಾದರೆ ಈ ಆಲ್ಬಂನಲ್ಲಿ ಹಿಮ್ಮೇಳದ ಗಾಯಕರು ಏಕೆ ಎದ್ದು ಕೇಳಿಸುವುದಿಲ್ಲ? (ಓದುಗರೊಬ್ಬರು, ಮಂಗಳೂರು)

ಸೂಕ್ಷ್ಮವಾಗಿ ಕೇಳಿದ್ದೀರಿ. ರೆಡಿಂಗ್ ಕೂಡ ಮೇಕನ್‌ನ ವೈನ್‌ವಿಲ್ ಬ್ಯಾಪ್ಟಿಸ್ಟ್ ಚರ್ಚಿನ ಗಾಯನವೃಂದದಲ್ಲಿ ಹಾಡಿ ಬೆಳೆದವರು. ನೀವು ಹುಡುಕುತ್ತಿರುವ ಹಿಮ್ಮೇಳ ಅಲ್ಲಿಯೇ ಇದೆ, ಆದರೆ ಅದು ತುತ್ತೂರಿ ಮತ್ತು ಸ್ಯಾಕ್ಸೊಫೋನ್‌ಗಳ ರೂಪದಲ್ಲಿದೆ. ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿಯುವಂತೆ, ಇಲ್ಲಿ ರೆಡಿಂಗ್ ಕೇಳುತ್ತಾರೆ, ಗಾಳಿವಾದ್ಯಗಳು ಉತ್ತರಿಸುತ್ತವೆ. ಸ್ಟ್ಯಾಕ್ಸ್‌ನಲ್ಲಿ ಸ್ವರಲಿಪಿ ಬರೆದು ಹಂಚುವ ಪದ್ಧತಿ ಇರಲಿಲ್ಲ. ವಾದ್ಯಗಳು ಏನು ನುಡಿಸಬೇಕೆಂಬುದನ್ನು ರೆಡಿಂಗ್ ಬಾಯಲ್ಲೇ ಹಾಡಿ ತೋರಿಸುತ್ತಿದ್ದರು, ವಾದಕರು ಕಿವಿಯಿಂದ ಕಲಿಯುತ್ತಿದ್ದರು. ಗುರುಮುಖೇನ ಕಲಿಯುವ ನಮ್ಮ ಕ್ರಮಕ್ಕೆ ಇದು ತೀರಾ ಹತ್ತಿರದ್ದು.

ಆ ಕೋಣೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಸ್ಟ್ಯಾಕ್ಸ್ ಸ್ಟುಡಿಯೋ ಇದ್ದದ್ದು ಮೆಂಫಿಸ್‌ನ ಮ್ಯಾಕ್ಲೆಮೋರ್ ಅವೆನ್ಯೂದಲ್ಲಿ, ಮುಚ್ಚಿಹೋಗಿದ್ದ ಒಂದು ಸಿನಿಮಾ ಮಂದಿರದಲ್ಲಿ. ಬ್ಯಾಂಕ್ ಉದ್ಯೋಗಿಯಾಗಿದ್ದ ಸ್ಟೀವರ್ಟ್ ಅವರಿಗಾಗಿ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಮನೆಯನ್ನೇ ಅಡವಿಟ್ಟು ಧ್ವನಿಮುದ್ರಣ ಯಂತ್ರ ಕೊಡಿಸಿದ್ದರು. ಇಬ್ಬರ ಮನೆತನದ ಹೆಸರುಗಳ ಮೊದಲ ಅಕ್ಷರಗಳು ಸೇರಿಯೇ ‘ಸ್ಟ್ಯಾಕ್ಸ್’ ಆಯಿತು. ಕುರ್ಚಿಗಳನ್ನು ಕಿತ್ತರೂ ನೆಲದ ಇಳಿಜಾರನ್ನು ಹಾಗೆಯೇ ಬಿಟ್ಟಿದ್ದರು. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸುತ್ತಿದ್ದರು. ವರ್ಣಭೇದ ತುಂಬಿದ್ದ ಆ ನಗರದಲ್ಲಿ ಬಿಳಿಯ ಕ್ರಾಪರ್ ಮತ್ತು ಕಪ್ಪು ಡ್ರಮ್ ವಾದಕ ಆಲ್ ಜಾಕ್ಸನ್ ಜೊತೆಯಾಗಿ ಕೂತು ಕೆಲಸ ಮಾಡಬಹುದಾಗಿದ್ದ ಜಾಗಗಳು ಬಹಳ ಇರಲಿಲ್ಲ. ಈ ಆಲ್ಬಂನ ಶ್ರೇಯಸ್ಸಿನಲ್ಲಿ ಆ ಇಳಿಜಾರು ನೆಲದ ಕೋಣೆಗೂ ಒಂದು ಪಾಲು ಸಲ್ಲಬೇಕು.

ಪ್ರಶ್ನೆ: ಶೀರ್ಷಿಕೆಗೀತೆಯೇ ಕದ್ದದ್ದು ಎನ್ನುತ್ತಾರಲ್ಲ? (ಓದುಗರೊಬ್ಬರು, ಹುಬ್ಬಳ್ಳಿ)

ನ್ಯೂ ಆರ್ಲಿಯನ್ಸ್‌ನ ಗಾಯಕಿ ಅರ್ಮಾ ಥಾಮಸ್ ಹಾಡಿದ ‘ರೂಲರ್ ಆಫ್ ಮೈ ಹಾರ್ಟ್’ ಎಂಬ ಹಾಡನ್ನು ಅಲ್ಪಸ್ವಲ್ಪ ಬದಲಿಸಿ ‘ಪೇನ್ ಇನ್ ಮೈ ಹಾರ್ಟ್’ ಮಾಡಲಾಯಿತು ಎಂಬುದು ಸತ್ಯ. ಮೂಲವನ್ನು ಬರೆದವರು ಅಲನ್ ಟೂಸಾಂಟ್. ಅವರು ತಾಯಿಯ ಹೆಸರಾದ ‘ನಿಯೋಮಿ ನೆವಿಲ್’ ಎಂಬುದನ್ನು ಅಂಕಿತದಂತೆ ಬಳಸುತ್ತಿದ್ದರು. ಹೊಸ ಹಾಡಿನ ರಚನೆಯನ್ನು ಮೊದಲು ರೆಡಿಂಗ್ ಮತ್ತು ಅವರ ವ್ಯವಸ್ಥಾಪಕ ಫಿಲ್ ವಾಲ್ಡನ್ ಹೆಸರಿನಲ್ಲಿ ಹಾಕಲಾಗಿತ್ತು. ತಕರಾರು ಎದ್ದ ಮೇಲೆ ಅದು ನೆವಿಲ್ ಹೆಸರಿಗೆ ಮರಳಿತು. ನನಗೆ ರೆಡಿಂಗ್ ಅವರ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಸಮರ್ಥಿಸಲಾರೆ. ಬರೆದವರ ಹೆಸರು ಮೊದಲ ದಿನದಿಂದಲೇ ಇರಬೇಕಿತ್ತು. ಥಾಮಸ್ ಅವರ ಹಾಡನ್ನು ದಯವಿಟ್ಟು ಮೊದಲು ಕೇಳಿ. ಆಕೆ ದುಃಖವನ್ನು ಒಳಗೇ ಅದುಮಿಟ್ಟುಕೊಂಡು ಹಾಡುತ್ತಾರೆ, ರೆಡಿಂಗ್ ಅದನ್ನು ಹೊರಗೆ ತೋಡಿಕೊಳ್ಳುತ್ತಾರೆ.

ಪ್ರಶ್ನೆ: ಪೂರ್ತಿ ಕೇಳಲು ಎಷ್ಟು ಹೊತ್ತು ಬೇಕು? (ಓದುಗರೊಬ್ಬರು, ಬೆಂಗಳೂರು)

ಅರ್ಧ ಗಂಟೆಯ ಆಸುಪಾಸು. ಮೋನೋ ಮುದ್ರಣ (ಎಲ್ಲ ಸದ್ದೂ ಒಂದೇ ವಾಹಿನಿಯಲ್ಲಿ ಬರುವಂಥದ್ದು) ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ವೇಗದ ಹಾಡುಗಳಲ್ಲಿ ಅವರದೇ ದನಿ ಕೇಳಿಸುವಂಥದ್ದು ಒಂದೂ ಇಲ್ಲವೇ? (ಓದುಗರೊಬ್ಬರು, ರಾಯಚೂರು)

ಇದೆ. ‘ಸೆಕ್ಯೂರಿಟಿ’ ಕೇಳಿ. ಅವರೇ ಬರೆದ ಹಾಡು, ‘ಹೇ ಹೇ ಬೇಬಿ’ಯಿಂದ ಇಲ್ಲಿಗೆ ಬರುವ ಹೊತ್ತಿಗೆ ಅನುಕರಣೆಯ ಪೊರೆ ಕಳಚಿಬಿದ್ದಿದೆ. ಡ್ರಮ್ ಅಚ್ಚುಕಟ್ಟಾಗಿ ಮುಂದಕ್ಕೆ ಒಯ್ಯುತ್ತದೆ, ಗಾಳಿವಾದ್ಯಗಳು ಸಾಲಿನ ಕೊನೆಯನ್ನು ಹಿಡಿದು ಎತ್ತುತ್ತವೆ, ನಡುವೆ ಈ ಯುವಕ ಹಣ ಬೇಡ, ಕೀರ್ತಿ ಬೇಡ, ನೆಮ್ಮದಿಯ ಆಸರೆ ಬೇಕು ಎಂದು ಹಾಡುತ್ತಾರೆ. ಪ್ರೇಮಗೀತೆಯೇನೋ ಹೌದು. ಆದರೆ ಹದಿನೈದಕ್ಕೆ ಶಾಲೆ ಬಿಟ್ಟು ಬಾವಿ ತೋಡಿದವರ ಬಾಯಲ್ಲಿ ಆ ಮಾತು ಬಂದಾಗ ಅದನ್ನು ನಾನು ಬರೀ ಪ್ರೇಮದ ಮಾತೆಂದು ಕೇಳಲಾರೆ. ಹಾಡಿನಿಂದ ಬಂದ ದುಡಿಮೆಯಲ್ಲಿ ರೆಡಿಂಗ್ 1965ರಲ್ಲಿ ಮೇಕನ್‌ನ ಉತ್ತರಕ್ಕಿರುವ ರೌಂಡ್ ಓಕ್ ಎಂಬಲ್ಲಿ ಸುಮಾರು 300 ಎಕರೆ ಜಮೀನು ಕೊಂಡು, ಹೆಂಡತಿ ಮಕ್ಕಳೊಂದಿಗೆ ಅಲ್ಲಿ ನೆಲೆಸಿದರು. 1967ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನ ಮೊನೋನಾ ಸರೋವರದಲ್ಲಿ ಅವರ ವಿಮಾನ ಬಿದ್ದು ತೀರಿಕೊಂಡಾಗ ಅವರಿಗೆ ಇಪ್ಪತ್ತಾರು ವರ್ಷ. ಅವರ ಸಮಾಧಿ ಇರುವುದು ಅದೇ ಜಮೀನಿನಲ್ಲಿ.