ಅಜ್ಜನ ಬೆಳ್ಳಿ ಪಾಕೆಟ್ ವಾಚು: ಎಷ್ಟು ಹಳೆಯದು, ಪಾಲಿಶ್ ಮಾಡಿಸಲಾ?

ಡೊಂಬಿವಲಿಯ ಮನೆ ಖಾಲಿ ಮಾಡುವಾಗ ಅಜ್ಜನ ಪಾಕೆಟ್ ವಾಚು ಸಿಕ್ಕಿತು, ಡಯಲ್ ಮೇಲೆ 'ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ, ಕಲ್ಕತ್ತಾ' ಅಂತಿದೆ, ಕಪ್ಪಾಗಿದೆ, ಓಡುತ್ತಿಲ್ಲ ಎಂದು ಬರೆದಿದ್ದೀರಿ. ಬೆಳ್ಳಿಯದಾ, ಎಷ್ಟು ಹಳೆಯದು, ಪಾಲಿಶ್ ಮಾಡಿಸಲಾ ಎಂದೂ ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಕಪ್ಪಿನ ಜೊತೆ ಬೆಳ್ಳಿಯೂ ಸವೆಯುತ್ತದೆ. ಹೊರಗೆ ಕೊರೆದ ಹೆಸರು, ಹೂಬಳ್ಳಿ ಒಮ್ಮೆ ಅಳಿಸಿದರೆ ಮುಗಿಯಿತು. ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಿ ಬಿಡಿ.

ಬೆಳ್ಳಿಯೋ ಅಲ್ಲವೋ ಎಂಬುದು ಮುಚ್ಚಳದ ಒಳಗಡೆ ಬರೆದಿರುತ್ತದೆ. ಹಿಂದಿನ ಮುಚ್ಚಳದ ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಜಾಗ ಹುಡುಕಿ. ಚಾಕು ಹಾಕಬೇಡಿ. ಕೆಲವದರಲ್ಲಿ ಒಳಗೆ ಇನ್ನೊಂದು ತೆಳು ಮುಚ್ಚಳ ಇರುತ್ತದೆ. ಎರಡನ್ನೂ ಓರೆ ಬೆಳಕಿಗೆ ಹಿಡಿದು ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. 0.800, 0.875 ಅಥವಾ 0.935 ಅಂತ ಅಂಕಿ, ಪಕ್ಕದಲ್ಲಿ ಪುಟ್ಟ ಕರಡಿಯೋ ಕಾಡುಕೋಳಿಯೋ ಇದ್ದರೆ ಸ್ವಿಸ್ ಬೆಳ್ಳಿ. ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನದು, 92.5 ಟಂಚ, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಜೊತೆಗೆ ಲಂಗರು ಇದ್ದರೆ ಮುದ್ರೆ ಬಿದ್ದ ಊರು ಬರ್ಮಿಂಗ್‌ಹ್ಯಾಮ್. ಅಲ್ಲೇ ಇರುವ ಒಂಟಿ ಅಕ್ಷರದಿಂದ ವರ್ಷವೂ ಸಿಗುತ್ತದೆ. 'ಅಲ್ಪಾಕಾ', 'ಆರ್ಜೆಂಟಾನ್' ಅಂತಿದ್ದರೆ ಅದು ಜರ್ಮನ್ ಸಿಲ್ವರ್, ಬೆಳ್ಳಿ ಒಂದು ಗುಂಜಿಯೂ ಇಲ್ಲ.

ಬಾಂಬೆ ಅಂತ ಇದೆಯೆಂದು ಇಲ್ಲೇ ಮಾಡಿದ್ದು ಅಂದುಕೊಳ್ಳಬೇಡಿ. ವೆಸ್ಟ್ ಎಂಡ್ ಸ್ವಿಸ್ ಕಂಪನಿ, ಈ ಎರಡು ಊರಲ್ಲಿ ಅದರ ಅಂಗಡಿಗಳಿದ್ದವು. ಅದರ ಕೆಲವು ವಾಚುಗಳೊಳಗೆ ಲಾಂಜೀನ್ಸ್ ಯಂತ್ರ ಇರುತ್ತದೆ. ನಿಮ್ಮದರಲ್ಲೂ ಆ ಹೆಸರಿದ್ದರೆ ನಂಬರ್ ಬರೆದುಕೊಂಡು ಲಾಂಜೀನ್ಸ್‌ಗೇ ಕೇಳಿ, ಅವರು ಹಳೇ ದಫ್ತರಗಳನ್ನು ಇಟ್ಟಿದ್ದಾರೆ. ಮುಚ್ಚಳದ ನಂಬರ್, ಯಂತ್ರದ ನಂಬರ್ ಬೇರೆ ಬೇರೆ ಇರಬಹುದು. ಕೇಳುವಾಗ ಯಂತ್ರದ್ದು ಮುಖ್ಯ. ಅಜ್ಜ ರೈಲ್ವೆಯಲ್ಲಿದ್ದರು ಅಂದಿರಲ್ವಾ, ಹಿಂಬದಿಯಲ್ಲಿ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ) ಅಂತ ಕೊರೆದಿದೆಯಾ ನೋಡಿ. ಇದ್ದರೆ 1951ಕ್ಕಿಂತ ಹಿಂದಿನದು. ಆ ವರ್ಷ ಜಿ.ಐ.ಪಿ. ಹೋಗಿ ಸೆಂಟ್ರಲ್ ರೈಲ್ವೆ ಆಯಿತು.

ಇನ್ನು ಓಡಿಸುವ ವಿಷಯ. ಕೀಲಿ ಜಾಸ್ತಿ ಕೊಟ್ಟು ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೀಲಿ ತುಂಬಿದ್ದೂ ನಿಂತಿದೆಯೆಂದರೆ ಸಾಮಾನ್ಯವಾಗಿ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಅಲುಗಾಡಿಸಿ ಓಡಿಸಲು ಹೋದರೆ ಆ ಅಂಟಿನಲ್ಲಿರುವ ಧೂಳು ಚಕ್ರಗಳ ಮೊನೆ ತೇಯುತ್ತದೆ. ಮುಚ್ಚಳ ತೆಗೆದು, ವಾಚನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ ಬ್ಯಾಲೆನ್ಸ್ ಚಕ್ರ (ವಾಚು ಓಡುವಾಗ ಆಚೀಚೆ ಆಡುವ ಚಕ್ರ) ನೋಡಿ. ಸಲೀಸಾಗಿ ಆಚೀಚೆ ಆಡಿದರೆ ಸರ್ವಿಸ್‌ನಲ್ಲೇ ಸರಿಹೋಗುವ ಸಂಭವ ಹೆಚ್ಚು. ಒಂದು ಕಡೆ ವಾಲಿಕೊಂಡಿದ್ದರೆ ಎಂದೋ ಬಿದ್ದು ಅದರ ಅಚ್ಚು (ಚಕ್ರದ ನಡುವಿನ ಕಡ್ಡಿ) ಮುರಿದಿರಬೇಕು. ಹೊಸ ಅಚ್ಚು ಲೇಥ್‌ನಲ್ಲಿ ಕಡೆಸಬೇಕಾದೀತು, ಖರ್ಚು ಅಲ್ಲೇ.

ರಿಪೇರಿಯವರನ್ನು ಒಂದೇ ಮಾತು ಕೇಳಿ: ಪೂರ್ತಿ ಬಿಚ್ಚಿ ತೊಳೀತೀರಾ? 'ಪೆಟ್ರೋಲಲ್ಲಿ ಅದ್ದಿ ಎಣ್ಣೆ ಬಿಟ್ಟು ಕೊಡ್ತೀನಿ' ಅಂದರೆ ಎದ್ದು ಬನ್ನಿ. ಮನೆಯಲ್ಲಿ ಸ್ಪಿರಿಟ್‌ನಲ್ಲಿ ನೆನೆಸುವುದಂತೂ ಬೇಡವೇ ಬೇಡ. ಟಿಕ್ ಟಿಕ್ ಮಾಡುವ ಭಾಗದ ಪುಟ್ಟ ಕೆಂಪು ಹರಳುಗಳನ್ನು ಅರಗಿನಿಂದ ಕೂರಿಸಿರುತ್ತಾರೆ, ಸ್ಪಿರಿಟ್‌ಗೆ ಅರಗು ಕರಗುತ್ತದೆ. ಬಿಳಿ ಎನಾಮಲ್ ಡಯಲ್‌ನಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಹಾಗೇ ಇರಲಿ. ಹೊಸದಾಗಿ ಬರೆಸಿದ ಡಯಲ್‌ಗಿಂತ ಅದೇ ವಾಸಿ. ಮುಂಬೈಯ ಚೋರ್ ಬಜಾರ್‌ನ ಮಟನ್ ಸ್ಟ್ರೀಟ್‌ನಲ್ಲಿ ಹಳೇ ಗಾಜು, ಮುಳ್ಳು ಹುಡುಕಿದರೆ ಸಿಗಬಹುದು. ಆದರೆ 'ಇದು ಕೊಡಿ, ಓಡೋದು ತಗೊಳ್ಳಿ' ಅನ್ನುವವರಿಗೆ ಮಾತ್ರ ಕೊಡಬೇಡಿ. ಮೂರು ವಾಚಿನ ಭಾಗ ಸೇರಿಸಿ ಒಂದು ಮಾಡಿದ್ದು ನಿಮ್ಮ ಕೈಗೆ ಬಂದೀತು.

ಸರ್ವಿಸ್ ಆದ ಮೇಲೆ ಮುಂಬೈ ಮಳೆಗಾಲಕ್ಕೆ ಜಿಪ್ ಪೌಚ್‌ನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲಿರುವ ಗಂಧಕಕ್ಕೆ ಬೆಳ್ಳಿ ಮತ್ತೆ ಕಪ್ಪಾಗುತ್ತದೆ.