ಹನೋಯಿಯಲ್ಲಿ ರಾತ್ರಿ ಸುತ್ತಾಡೋಕೆ ಗೈಡೆಡ್ ಟೂರ್ ತಗೊಳ್ಳಬೇಕಾ? (ಅಪ್ಪ ಅಮ್ಮ ಜೊತೆಗಿದ್ದಾರೆ, ಸಸ್ಯಾಹಾರಿಗಳು, ಏಜೆಂಟ್ 4 ಗಂಟೆಯ ಪ್ಯಾಕೇಜ್ ಹೇಳ್ತಿದ್ದಾರೆ)

ಮಂಗಳವಾರ ಹನೋಯಿ, ವಾರಾಂತ್ಯಕ್ಕೆ ಹಾಲಾಂಗ್ ಕೊಲ್ಲಿ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ. ನಿಮ್ಮ ಪ್ರಶ್ನೆ ಓದಿದರೆ ನನ್ನದೇ ಹಳೇ ವಾಟ್ಸಾಪ್ ಮೆಸೇಜ್ ಓದಿದ ಹಾಗಾಯಿತು. ನಮಗೂ ಏಜೆಂಟ್ ಕಳಿಸಿದ್ದು ಇದೇ ಪಟ್ಟಿ. ಸೈಕ್ಲೋ (ಮೂರು ಗಾಲಿಯ ತುಳಿಯುವ ರಿಕ್ಷಾ) ಸವಾರಿ, ನೀರಿನ ಮೇಲೆ ಆಡಿಸುವ ಗೊಂಬೆಯಾಟ, ಮನೆಗಳ ಮಗ್ಗುಲಲ್ಲೇ ರೈಲು ಹೋಗುವ ರೈಲು ಬೀದಿ, ಬಿಯರ್ ಬೀದಿ, ನೈಟ್ ಮಾರ್ಕೆಟ್, ಎಲ್ಲ ಒಂದೇ ರಾತ್ರಿ.

ನಾನು ಆ ಪ್ಯಾಕೇಜ್ ಬೇಡ ಅಂದೆ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ ನಾನೇ ಬುದ್ಧಿವಂತ ಅಂದುಕೊಂಡು ಬೇರೆ ಟೂರ್ ಬುಕ್ ಮಾಡಿದೆ ನೋಡಿ, ಅದು ಎಡವಟ್ಟಾಯಿತು.

ನಮ್ಮಪ್ಪ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವರು. ಅವರು ಹುಡುಗರಾಗಿದ್ದಾಗ ವಿಯೆಟ್ನಾಂ ಯುದ್ಧದ ಕಾಲ, ರೇಡಿಯೋ ವಾರ್ತೆಯಲ್ಲಿ ಹನೋಯಿ ಹೆಸರು ಬಾರದ ದಿನವೇ ಇರಲಿಲ್ಲವಂತೆ. ಹಾಗಾಗಿ ಹನೋಯಿಯಲ್ಲಿ ಅವರಿಗೆ ಬೇಕಾಗಿದ್ದು ಮಾರ್ಕೆಟ್ ಅಲ್ಲ, ಹ್ವಾ ಲೋ ಜೈಲು. 1896ರಲ್ಲಿ ಫ್ರೆಂಚರು ಕಟ್ಟಲು ಶುರು ಮಾಡಿದ ಜೈಲು ಅದು. ವಿಯೆಟ್ನಾಮಿನ ಸ್ವಾತಂತ್ರ್ಯ ಹೋರಾಟಗಾರರನ್ನು ಅಲ್ಲೇ ತುಂಬುತ್ತಿದ್ದರು. ಮುಂದೆ ಅಮೆರಿಕದ ಜೊತೆಗಿನ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ಪೈಲಟ್‌ಗಳನ್ನು ಅಲ್ಲಿಟ್ಟರು. ಆಮೇಲೆ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಾನ್ ಮೆಕೇನ್ ಕೂಡ ಅಲ್ಲಿದ್ದವರೇ. 1990ರ ದಶಕದಲ್ಲಿ ಬಹುಪಾಲು ಜೈಲನ್ನು ಕೆಡವಿ ದೊಡ್ಡ ಕಟ್ಟಡ ಎಬ್ಬಿಸಿದ್ದಾರೆ. ಉಳಿದ ಭಾಗ ಈಗ ಮ್ಯೂಸಿಯಂ.

2020ರಿಂದ ಅಲ್ಲಿ ರಾತ್ರಿ ಟೂರ್ ನಡೆಸುತ್ತಿದ್ದಾರೆ. ಕತ್ತಲಲ್ಲಿ ಸೆಲ್‌ಗಳ ನಡುವೆ ಕರೆದುಕೊಂಡು ಹೋಗುತ್ತಾರೆ, ನಟರು ಕೈದಿಗಳಾಗಿ ಬರುತ್ತಾರೆ, ಗೈಡ್ ಕಥೆ ಹೇಳುತ್ತಾರೆ. ಇದನ್ನು ಓದಿದ ತಕ್ಷಣ ಅಪ್ಪನಿಗೆ ಇದಕ್ಕಿಂತ ಒಳ್ಳೇದು ಇನ್ನೇನಿದೆ ಅಂತ ಹಾರಿಬಿದ್ದು ಬುಕ್ ಮಾಡಿದೆ.

ಈಗ ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾರ ಕೈಯಲ್ಲೂ ಆಗಬಹುದು. ಹೊರಡುವ ಮುಂಚೆ ವಾರಗಟ್ಟಲೆ ಹೋಟೆಲು, ಬಸ್ಸು ಅಂತ ವಿಯೆಟ್ನಾಮಿನ ವೆಬ್‌ಸೈಟ್‌ಗಳನ್ನೇ ನೋಡುತ್ತಿದ್ದೆ. ಪ್ರತಿ ಸಲ ಫೋನ್ "ಅನುವಾದ ಮಾಡಲಾ?" ಅಂತ ಕೇಳೋದು. ಕಿರಿಕಿರಿಯಾಗಿ ಒಂದು ದಿನ "ಯಾವಾಗಲೂ ಮಾಡು" ಅಂತ ಒತ್ತಿಬಿಟ್ಟಿದ್ದೆ. ಅಲ್ಲಿಂದ ಮುಂದೆ ವಿಯೆಟ್ನಾಮೀಸ್ ಪುಟ ತೆರೆದರೂ ನನಗೆ ಕಾಣುತ್ತಿದ್ದದ್ದು ಇಂಗ್ಲಿಷ್. ಅನುವಾದ ಆಗಿದೆ ಅನ್ನೋದೇ ಮರೆತುಹೋಗಿತ್ತು. ಟೂರಿನ ಪುಟ ತೆರೆದೆ, ನೀಟಾದ ಇಂಗ್ಲಿಷ್. ಸಮಯ, ದಿನ, ಎಷ್ಟು ಜನ, ಎಲ್ಲ ಇಂಗ್ಲಿಷ್. ಪುಟ ಇಂಗ್ಲಿಷಲ್ಲಿದೆ ಅಂದಮೇಲೆ ಟೂರೂ ಇಂಗ್ಲಿಷ್ ಅಂತ ನನ್ನ ತಲೆಗೆ ಬಂತು. ಭಾಷೆ ಯಾವುದು ಅಂತ ಹುಡುಕಲೇ ಇಲ್ಲ. ಆ ಪುಟ ವಿಯೆಟ್ನಾಮೀಸಲ್ಲೇ ಕಂಡಿದ್ದರೆ ನಾನು ಖಂಡಿತ ಕೇಳುತ್ತಿದ್ದೆ.

ಇಷ್ಟಕ್ಕೇ ಮುಗಿಯಲಿಲ್ಲ. ನನ್ನ ಕಾರ್ಡ್ ಹೋಗಲಿಲ್ಲ ಅಂತ ಹೋಟೆಲಿನ ರಿಸೆಪ್ಷನ್ ಹುಡುಗಿ ತನ್ನ ಫೋನಿನಿಂದ ದುಡ್ಡು ಕಟ್ಟಿ, ನಮ್ಮಿಂದ ಕ್ಯಾಶ್ ತಗೊಂಡಳು. ಕಟ್ಟುವ ಮುಂಚೆ ಅವಳು "ಓಕೆನಾ? ನಿಮಗೆ ಓಕೆನಾ?" ಅಂತ ಎರಡೆರಡು ಸಲ ಕೇಳಿದಳು. ದುಡ್ಡು ಜಾಸ್ತಿ ಆಯಿತೇನೋ ಅಂತ ಕೇಳುತ್ತಿದ್ದಾಳೆ ಅಂದುಕೊಂಡು ನಾನು ಜೋರಾಗಿ ತಲೆಯಾಡಿಸಿದೆ. ಪಾಪ, ಅವಳು ಭಾಷೆ ಬಗ್ಗೆ ಕೇಳುತ್ತಿದ್ದಳು. ಒಂದು ನಿಮಿಷ ನಿಂತು ಯಾಕಮ್ಮ ಅಂತ ಕೇಳಿದ್ದರೆ ಮುಗಿದುಹೋಗುತ್ತಿತ್ತು.

ರಾತ್ರಿ ಹೋದೆವು. ಗೇಟಿನ ಮೇಲೆ ಇನ್ನೂ ಫ್ರೆಂಚ್ ಅಕ್ಷರಗಳಿವೆ. ಒಳಗೆ ಹೊರದೇಶದವರು ಅಂತ ಇದ್ದದ್ದು ನಾವೇ. ಉಳಿದವರೆಲ್ಲ ಅಲ್ಲಿನ ಕಾಲೇಜು ಹುಡುಗ ಹುಡುಗಿಯರು. ಗೈಡ್ ಮೈಕ್ ಹಿಡಿದು ಮಾತು ಶುರು ಮಾಡಿದ, ನನ್ನ ಹೊಟ್ಟೆ ತಣ್ಣಗಾಯಿತು. ಒಂದು ಪದ ಗೊತ್ತಾಗಲಿಲ್ಲ. ಫೋನ್ ತೆಗೆದು ಆ್ಯಪ್‌ನಲ್ಲಿ ಅನುವಾದ ಮಾಡೋಣ ಅಂತ ನೋಡಿದೆ. ಮೈಕಿನ ಸದ್ದು ಗೋಡೆಗೆ ಹೊಡೆದು ಬರುತ್ತಿತ್ತು, ಆ್ಯಪ್‌ಗೂ ತಲೆಬುಡ ತಿಳಿಯಲಿಲ್ಲ. ಕತ್ತಲಲ್ಲಿ ಸ್ಕ್ರೀನ್ ಬೆಳಕು ಬೇರೆ, ಸಿಬ್ಬಂದಿಯೊಬ್ಬರು ಬಂದು ಒಳಗಿಡಿ ಅಂತ ಕೈಸನ್ನೆ ಮಾಡಿದರು. ಅವರು ಹೇಳಿದ್ದು ಸರಿಯೇ.

ಒಂದು ಉದ್ದನೆಯ ಕೋಣೆಯಲ್ಲಿ ಕೈದಿಗಳ ಗೊಂಬೆಗಳನ್ನು ಎರಡು ಸಾಲಾಗಿ ಕೂರಿಸಿದ್ದಾರೆ, ಕಾಲಿಗೆ ಕೋಳ. ಮಬ್ಬು ಬೆಳಕಿನಲ್ಲಿ ನಿಜವಾದ ಜನರ ಹಾಗೇ ಕಾಣುತ್ತವೆ. ಅಲ್ಲಿ ಗೈಡ್ ದನಿ ತಗ್ಗಿಸಿ ಏನೋ ಹೇಳಿದ. ನನ್ನ ಪಕ್ಕದ ಹುಡುಗಿ ಕಣ್ಣೊರೆಸಿಕೊಂಡಳು. ನಮ್ಮಪ್ಪ ಎಲ್ಲರಿಗಿಂತ ಮುಂದೆ ನಿಂತು, ಗೈಡ್ ಮುಖ ನೋಡುತ್ತಾ, ಎಲ್ಲ ಅರ್ಥವಾದವರ ಹಾಗೆ ತಲೆದೂಗುತ್ತಿದ್ದರು. ಮೇಷ್ಟ್ರಲ್ವಾ, ಪಾಠ ಮಾಡುವವನಿಗೆ ಅವಮಾನ ಆಗಬಾರದು ಅಂತ. ಅದನ್ನು ನೋಡಿ ನನಗೆ ಇನ್ನೂ ಕಸಿವಿಸಿ.

ಅಂಗಳದಲ್ಲಿ ಒಂದು ದೊಡ್ಡ ಮರವಿದೆ. ಟೂರ್ ಮುಗಿದಮೇಲೆ ಆ ಜಾತಿಯ ಮರದ ಎಲೆಯಿಂದ ಮಾಡಿದ ಟೀ ಕೊಟ್ಟರು. ಕೆಳಗೆ ಬಿದ್ದಿದ್ದ ಎಲೆಯೊಂದನ್ನು ಅಪ್ಪ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಅಂಗೈಗಿಂತ ದೊಡ್ಡದು, ಅರ್ಧ ಕೆಂಪಗಾಗಿತ್ತು. "ಲೇ, ಇದು ನಮ್ಮ ಸ್ಕೂಲ್ ಕಾಂಪೌಂಡಲ್ಲಿದ್ದ ಬಾದಾಮಿ ಮರ ಕಣೋ" ಅಂದರು. ಹೌದು, ಅದೇ ಕಾಡುಬಾದಾಮಿ. ಬೆಂಗಳೂರಿನ ರಸ್ತೆ ಬದಿಯಲ್ಲೆಲ್ಲ ಇದೆಯಲ್ಲ, ಅದೇ. ಆ ರಾತ್ರಿ ನಮಗೆ ಅರ್ಥವಾದದ್ದು ಅಷ್ಟೇ.

ಉಳಿದದ್ದು ಗೊತ್ತಾಗಿದ್ದು ಮರುದಿನ. ಬೆಳಿಗ್ಗೆ ಮತ್ತೆ ಟಿಕೆಟ್ ತಗೊಂಡು, ಇಂಗ್ಲಿಷ್ ಆಡಿಯೋ ಗೈಡ್ ಕಿವಿಗೆ ಹಾಕಿಕೊಂಡು ಅದೇ ಜೈಲನ್ನು ಸುತ್ತಿದೆವು. ಕೈದಿಗಳು ಆ ಮರದ ತೊಗಟೆ, ಎಲೆಯನ್ನೇ ಔಷಧಿ ಮಾಡಿಕೊಳ್ಳುತ್ತಿದ್ದರಂತೆ, ಅದಕ್ಕೇ ಆ ಟೀ. 1951ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಗಲ್ಲು ಶಿಕ್ಷೆಯಾದ 16 ಕೈದಿಗಳು ಚರಂಡಿಯೊಳಗೆ ತೆವಳಿಕೊಂಡು ಹೊರಗೆ ಹೋಗಿದ್ದರು, ಕೆಲವರು ಮಾತ್ರ ಪಾರಾದರು. ಆ ಚರಂಡಿ ಬಾಯಿಯನ್ನು ಹಿಂದಿನ ರಾತ್ರಿಯೂ ನೋಡಿದ್ದೆವು. ಯಾಕೆ ಎಲ್ಲರೂ ಅದರ ಮುಂದೆ ಅಷ್ಟು ಹೊತ್ತು ನಿಂತಿದ್ದಾರೆ ಅಂತ ಗೊತ್ತಾಗಿರಲಿಲ್ಲ.

ನಾಲ್ಕು ಟಿಕೆಟ್ ದುಡ್ಡು ಹೋಗಿದ್ದಕ್ಕಿಂತ ಹೊಟ್ಟೆ ಉರಿದಿದ್ದು ಬೇರೆ ಕಾರಣಕ್ಕೆ. ನಮ್ಮ ಪ್ಲಾನಿನಲ್ಲಿ ಹನೋಯಿಗೆ ವಾರಾಂತ್ಯದ ರಾತ್ರಿ ಸಿಕ್ಕಿದ್ದು ಅದೊಂದೇ. ಅದೇ ಹೊತ್ತಿಗೆ ಥಾಂಗ್ ಲಾಂಗ್ ಕೋಟೆಯಲ್ಲೂ ರಾತ್ರಿ ಟೂರ್ ಇತ್ತು, ಅದೂ ತಪ್ಪಿತು. 1010ರಲ್ಲಿ ಲೀ ವಂಶದ ರಾಜ ರಾಜಧಾನಿ ಇಲ್ಲಿಗೆ ತಂದ ಕಾಲದಿಂದಲೂ ಇರುವ ಜಾಗ ಅದು, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ರಾತ್ರಿ ಹೋದರೆ ಕೋಟೆಬಾಗಿಲ ಹತ್ತಿರ ನೃತ್ಯ, ಅಗೆದು ತೆಗೆದ ಹಳೇ ನೆಲವನ್ನು ಗಾಜಿನ ಮೇಲಿಂದ ನೋಡೋದು, ಹಳೇ ಅರಮನೆ ಇದ್ದ ಕಡೆ ಊದುಬತ್ತಿ ಹಚ್ಚೋದು, ಕೊನೆಗೆ ಲೇಸರ್ ಬೆಳಕು. ನಮ್ಮಮ್ಮನಿಗೆ ಜೈಲಿಗಿಂತ ಇದು ಹೆಚ್ಚು ಹಿಡಿಸುತ್ತಿತ್ತು. ಈಗಲೂ ಆಗಾಗ ಅನ್ನುತ್ತಾರೆ, ಅಷ್ಟು ದೂರ ಹೋಗಿ ರಾತ್ರಿ ಹೊತ್ತು ಜೈಲಲ್ಲಿ ನಿಲ್ಲಿಸಿದೆಯಲ್ಲೋ ಅಂತ.

ನಿಮ್ಮ ವಿಷಯಕ್ಕೆ ಬರೋಣ. ಗೈಡ್ ಬೇಕಾ ಅಂತ ನೀವು ಕೇಳಿದ್ದೀರಿ. ಅದಿರಲಿ, ಮಂಗಳವಾರ ಯಾಕೆ ಹನೋಯಿ? ಹಾಲಾಂಗ್ ಕೊಲ್ಲಿಯ ಬಂಡೆಗಳಿಗೆ ವಾರ ತಿಥಿ ಇಲ್ಲ, ಯಾವತ್ತು ಹೋದರೂ ಅಲ್ಲೇ ಇರುತ್ತವೆ. ಹನೋಯಿಯ ರಾತ್ರಿ ಹಾಗಲ್ಲ. ಹೋನ್ ಕಿಯೆಮ್ ಕೆರೆಯ ಸುತ್ತ ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಗಾಡಿ ಬಿಡುವುದಿಲ್ಲ. 2016ರಿಂದ ಹೀಗೆ. ರಸ್ತೆ ತುಂಬ ಜನ, ಮಕ್ಕಳ ಆಟ, ಹಾಡು, ಅಜ್ಜಿಯರ ಡ್ಯಾನ್ಸು. ಡೋಂಗ್ ಸ್ವಾನ್ ಮಾರುಕಟ್ಟೆ ಕಡೆಗೆ ಹೋಗುವ ನೈಟ್ ಮಾರ್ಕೆಟ್ ಕೂಡ ಶುಕ್ರವಾರದಿಂದ ಭಾನುವಾರ ಮಾತ್ರ. ಜೈಲಿನ ಟೂರ್, ಕೋಟೆಯ ಟೂರ್ ಎರಡೂ ವಾರಾಂತ್ಯದ್ದೇ. ಮಂಗಳವಾರ ಹೋದರೆ ಕೆರೆಯ ಸುತ್ತ ಸ್ಕೂಟರ್ ಹಾರ್ನ್ ಕೇಳಿಕೊಂಡು ಬರಬೇಕು.

ಈಗ ಏಜೆಂಟ್ ಕೊಟ್ಟ ಪ್ಯಾಕೇಜ್ ನೋಡಿ. ಮಂಗಳವಾರ ಹೋದರೆ ಪಟ್ಟಿಯಲ್ಲಿರುವ ನೈಟ್ ಮಾರ್ಕೆಟ್ ಇರುವುದಿಲ್ಲ. ಶನಿವಾರ ಹೋದರೆ ವ್ಯಾನ್ ಕೆರೆಯ ಹತ್ತಿರಕ್ಕೇ ಬರುವಂತಿಲ್ಲ, ಇಳಿದು ನಡೆಯಬೇಕು. ನಡೆಯೋದೇ ಆದರೆ ವ್ಯಾನಿಗೆ ಯಾಕೆ ದುಡ್ಡು? ಹಳೇ ಪೇಟೆಯಲ್ಲಿ ರೂಮ್ ಮಾಡಿ, ಎಲ್ಲವೂ ಕಾಲ್ನಡಿಗೆ ದೂರ. ರೈಲು ಬೀದಿಯನ್ನು 2019ರಿಂದ ಈಚೆಗೆ ಒಂದಲ್ಲ ಎರಡಲ್ಲ ಸಲ ಮುಚ್ಚಿಸಿದ್ದಾರೆ. ಪೊಲೀಸರು ಬ್ಯಾರಿಕೇಡ್ ಹಾಕಿದ್ದರೆ ಗೈಡ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ತಾ ಹಿಯೆನ್ ಬಿಯರ್ ಬೀದಿಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು. ನಿಮ್ಮಪ್ಪ ಕೂತರೆ ಏಳಿಸೋಕೆ ಇಬ್ಬರು ಬೇಕು.

ರಾತ್ರಿ ಫುಡ್ ಟೂರ್ ಅಂತೂ ನಿಮಗೆ ಬೇಡವೇ ಬೇಡ. ವೆಜ್ ಮಾಡಿಕೊಡುತ್ತೇವೆ ಅಂತಾರೆ. ಕೊಡುವುದು ಮಾಂಸ ತೆಗೆದ ಬಟ್ಟಲು, ಮೀನಿನ ಸಾಸ್ ಹಾಗೇ ಇರುತ್ತದೆ. 'ಚೈ' (chay) ಅಂತ ಬೋರ್ಡ್ ಇರುವ ಅಂಗಡಿ ಹುಡುಕಿ, ಅವು ಪೂರ್ತಿ ಸಸ್ಯಾಹಾರದವು. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಅಲ್ಲಿನ ಬೌದ್ಧರು ಬಹಳ ಜನ ಮಾಂಸ ತಿನ್ನುವುದಿಲ್ಲ, ಆಗ ಇಂಥ ಊಟ ಸುಲಭವಾಗಿ ಸಿಗುತ್ತದೆ. ಹಳೇ ಪೇಟೆಯಲ್ಲಿ ಇಂಡಿಯನ್ ಹೋಟೆಲುಗಳೂ ಇವೆ, ಅಮ್ಮನವರಿಗೆ ಅನ್ನ ಸಾರು ಬೇಕು ಅಂದರೆ ಕಷ್ಟವಿಲ್ಲ. ಹಾಂ, ಹನೋಯಿಯ ಹೆಸರುವಾಸಿ ಕಾಫಿಯಲ್ಲಿ ಮೊಟ್ಟೆ ಇರುತ್ತದೆ. 1946ರಲ್ಲಿ ಹಾಲು ಸಿಗದೆ ಹಳದಿ ಕಡೆದು ಹಾಕಿ ಶುರುವಾದದ್ದು. ನಿಮಗೆ ಬೇಡ ಅಂದರೆ ಮಂದ ಹಾಲು ಹಾಕಿದ ಮಾಮೂಲಿ ಕಾಫಿ ಕೇಳಿ. ಲೋಟದ ಮೇಲೆ ಪುಟ್ಟ ಫಿಲ್ಟರ್ ಇಟ್ಟು ತಂದುಕೊಡುತ್ತಾರೆ, ತೊಟ್ಟಿಕ್ಕುವವರೆಗೆ ಕಾಯಬೇಕು. ರೊಬಸ್ಟಾ, ಸ್ವಲ್ಪ ಖಡಕ್. ರಾತ್ರಿ ಕುಡಿದರೆ ನಿದ್ದೆ ಬರಲ್ಲ, ಹೇಳಿಬಿಡುತ್ತೇನೆ.

ಹಾಗಂತ ಗೈಡೇ ಬೇಡ ಅಂತ ನಾನು ಹೇಳುವುದಿಲ್ಲ. ಜೈಲು, ಕೋಟೆ ಥರದ ಜಾಗಕ್ಕೆ ಗೈಡ್ ಇಲ್ಲದಿದ್ದರೆ ನಾವು ನಿಂತ ಹಾಗೇ ಗೋಡೆ ನೋಡಿಕೊಂಡು ನಿಲ್ಲಬೇಕಾಗುತ್ತದೆ. ಒಂದೇ ಜಾಗ ಆರಿಸಿಕೊಳ್ಳಿ, ಅದಕ್ಕೆ ದುಡ್ಡು ಹಾಕಿ. ಮೊದಲು ಫೋನಿನ ಅನುವಾದ ಆಫ್ ಮಾಡಿ ಪುಟ ನೋಡಿ. ಆಮೇಲೆ "ಈ ತಾರೀಖಿನ, ಈ ಸಮಯದ ಟೂರ್ ಇಂಗ್ಲಿಷಲ್ಲಿ ನಡೆಯುತ್ತಾ?" ಅಂತ ಬರೆದು ಕೇಳಿ, ಉತ್ತರವೂ ಬರವಣಿಗೆಯಲ್ಲೇ ಬರಲಿ. ಇಂಗ್ಲಿಷ್ ಇಲ್ಲ ಅಂದರೆ ಜೈಲಿಗೆ ಹಗಲು ಹೋಗಿ ಆಡಿಯೋ ಗೈಡ್ ತಗೊಳ್ಳಿ, ಏನೂ ನಷ್ಟವಿಲ್ಲ. ಅಪ್ಪ ಅಮ್ಮನಿಗೆ ಹೆಚ್ಚು ನಿಲ್ಲೋಕೆ ಆಗದಿದ್ದರೆ ಅದನ್ನೂ ಮೊದಲೇ ಹೇಳಿ. ನಮ್ಮಮ್ಮ ಅಂಗಳದಲ್ಲಿ ಒಂದು ಕಟ್ಟೆ ನೋಡಿಕೊಂಡು ಕೂತುಬಿಟ್ಟಿದ್ದರು.

ಟಿಕೆಟ್ ಬದಲಾಯಿಸೋಕೆ ಆಗಲ್ಲ, ಮಂಗಳವಾರವೇ ಗತಿ ಅಂದರೆ ನೀರಿನ ಗೊಂಬೆಯಾಟಕ್ಕೆ ಹೋಗಿ. ಕೆರೆಯ ಪಕ್ಕದ ಥಾಂಗ್ ಲಾಂಗ್ ಥಿಯೇಟರಿನಲ್ಲಿ ದಿನಾ ಇರುತ್ತದೆ, ಒಂದು ಗಂಟೆಯೊಳಗೆ ಮುಗಿಯುತ್ತದೆ. ಅದೂ ವಿಯೆಟ್ನಾಮೀಸಲ್ಲೇ, ಆದರೆ ಬಾತುಕೋಳಿ ಹಿಡಿಯೋಕೆ ಬಂದ ನರಿ ಏನು ಮಾಡುತ್ತಿದೆ ಅಂತ ಯಾರಾದರೂ ಹೇಳಿಕೊಡಬೇಕಾ? ಸೊಂಟದವರೆಗೆ ನೀರಿನಲ್ಲಿ ನಿಂತು ಆಡಿಸಿದವರು ಕೊನೆಗೆ ಪರದೆಯಿಂದ ಈಚೆ ಬರುತ್ತಾರೆ, ನಮ್ಮಮ್ಮ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಹಿಂದಿನ ಸಾಲಿನಲ್ಲಿ ಗೊಂಬೆ ಸರಿಯಾಗಿ ಕಾಣಲ್ಲ, ಎರಡು ದಿನ ಮುಂಚೆಯೇ ಮುಂದಿನ ಸೀಟ್ ತಗೊಳ್ಳಿ. ಅಲ್ಲಿಂದ ಕೆಂಪು ಮರದ ಸೇತುವೆಯವರೆಗೆ ನಿಧಾನಕ್ಕೆ ನಡೆದರೂ ಐದು ನಿಮಿಷ. ಸೈಕ್ಲೋದವರು ಕರೆದೇ ಕರೆಯುತ್ತಾರೆ, ಹತ್ತುವುದಾದರೆ ಹತ್ತಿ. ಆದರೆ ರೇಟು ಒಬ್ಬರಿಗೋ ಗಾಡಿಗೋ, ಅರ್ಧ ಗಂಟೆಗೋ ಒಂದು ಗಂಟೆಗೋ ಅಂತ ಫೋನಿನಲ್ಲಿ ಟೈಪ್ ಮಾಡಿ ತೋರಿಸಿ, ಅವರು ಹೂಂ ಅಂದಮೇಲೆ ಅಪ್ಪ ಅಮ್ಮನನ್ನು ಕೂರಿಸಿ.